ಸುಣ್ಣಗಲ್ಲಿನ ಸೀಮೆಯಲ್ಲಿ ಬೆಳ್ಳಿಯ ನೀರು

ಸೊಲ್ಲಾಪುರದ ಕಡೆಯಿಂದ ಬರುವ ರೈಲುಬಂಡಿಯು ಕಲಬುರಗಿಯನ್ನು ದಾಟಿದ ಮೇಲೆ ಶಹಾಬಾದವೂ ಆ ಬಳಿಕ ವಾಡಿಯೂ ಬರುತ್ತವೆ. ವಾಡಿಯಲ್ಲಿ ಹಾದಿ ಕವಲೊಡೆಯುತ್ತದೆ. ಒಂದು ಕವಲು ರಾಯಚೂರಿನ ಕಡೆಗೆ ಇಳಿಯುತ್ತದೆ. 1874ರಲ್ಲಿ ಸಂಚಾರಕ್ಕೆ ತೆರೆದ ಇನ್ನೊಂದು ಕವಲು ಚಿತ್ತಾಪುರ, ಮಳಖೇಡ, ಸೇಡಂಗಳ ಮೇಲೆ ಹಾದು ಹೈದರಾಬಾದನ್ನು ಸೇರುತ್ತದೆ. ಈ ಹಾದಿಯ ಇಕ್ಕೆಲಗಳಲ್ಲಿ ಹಲಗೆ ಹಲಗೆಯಾಗಿ ಏಳುವ ಹಾಸುಗಲ್ಲಿನ ಗಣಿಗಳು ಕಣ್ಣಿಗೆ ಬೀಳುತ್ತವೆ. ಚಿಂಚೋಳಿಯು ರೈಲಿಗೆ ದೂರವಾಗಿ, ಉತ್ತರದ ಗುಡ್ಡಕಾಡುಗಳ ಮಗ್ಗುಲಲ್ಲಿದೆ. ಈ ಐದು ಊರುಗಳ ಸೀಮೆಯನ್ನು ಕುರಿತು ಮಾತನಾಡುವವರು ಕಲ್ಲು, ಸಿಮೆಂಟು, ತೊಗರಿ, ನೃಪತುಂಗ ಇವುಗಳಲ್ಲಿ ಒಂದನ್ನು ಹಿಡಿಯುವುದು ವಾಡಿಕೆ. ನಾವು ಇಲ್ಲಿ ಬೆಳ್ಳಿಯ ವಿಷಯವನ್ನು ಎತ್ತಿಕೊಂಡಿದ್ದೇವೆ. ಬೆಳ್ಳಿಯ ಗಣಿ ಇಲ್ಲಿಲ್ಲ, ನಿಜ. ಆದರೆ ಬೆಳ್ಳಿಯನ್ನು ನೀರಿನಲ್ಲಿ ಬೆರೆಸಿ ಔಷಧವೆಂದು ಇಟ್ಟುಕೊಳ್ಳುವ ಒಂದು ಪದ್ಧತಿಯು ದೇಶದೇಶಗಳಲ್ಲಿ ಹಬ್ಬಿರುವಾಗ, ಅದರ ಗುಣದೋಷಗಳನ್ನು ಅರಿಯಲು ಈ ಸೀಮೆಯ ನೀರಿಗಿಂತ ಒಳ್ಳೆಯ ಪಾಠಶಾಲೆ ದೊರೆಯಲಾರದೆಂದು ನಮಗೆ ತೋರಿದೆ.

ಎರಡು ಬೆಳ್ಳಿಯ ತಂತಿಗಳನ್ನು ನೀರಿನಲ್ಲಿ ಇಳಿಬಿಟ್ಟು, ಬ್ಯಾಟರಿಯಿಂದ ವಿದ್ಯುತ್ತನ್ನು ಹಾಯಿಸಿ, ಒಂದೆರಡು ಗಂಟೆಯ ಮೇಲೆ ಆ ನೀರನ್ನು ಸೀಸೆಯಲ್ಲಿ ತುಂಬಿಡುವುದು, ಇದೇ ಆ ಪದ್ಧತಿ. ಇದಕ್ಕೆ ಕಲಿಲ ಬೆಳ್ಳಿಯೆಂಬ ಹೆಸರು. ಕಲಿಲವೆಂದರೆ ಕರಗಿಯೂ ಕರಗದ ಸ್ಥಿತಿ: ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳು ತಳಕ್ಕೆ ಇಳಿಯದೆ ನೀರಿನಲ್ಲಿ ತೇಲಾಡಿಕೊಂಡಿರುವುದು. 2020ರ ಮಹಾಮಾರಿಯ ಕಾಲದಲ್ಲಿ ಇದನ್ನು ಸರ್ವರೋಗಕ್ಕೂ ಮದ್ದೆಂದು ಮಾರಹೊರಟವರಿಗೆ ಅಮೆರಿಕದ ಸರಕಾರವು ಎಚ್ಚರಿಕೆಯ ಪತ್ರಗಳನ್ನು ಬರೆಯಬೇಕಾಯಿತು. ಮಾಡುವುದು ಸುಲಭ, ಚೆನ್ನಾಗಿ ಮಾಡುವುದು ಕಷ್ಟ, ಚೆನ್ನಾಗಿ ಮಾಡಿದ್ದನ್ನೂ ಕುಡಿಯಬಹುದೆ ಎಂಬುದು ಮತ್ತೊಂದು ಪ್ರಶ್ನೆ. ಈ ಮೂರನ್ನೂ ಬೇರೆ ಬೇರೆಯಾಗಿ ಇಟ್ಟುಕೊಂಡು ನೋಡಬೇಕಾಗಿದೆ.

ಬೆಳ್ಳಿಗೆ ನೀರನ್ನು ಕೆಡದಂತೆ ಕಾಯುವ ಗುಣವಿದೆಯೆಂಬ ನಂಬಿಕೆ ಹೊಸದಲ್ಲ. ಪಾರಸಿಕ ದೇಶದ ಅರಸನಾದ ಸೈರಸನು ದಂಡೆತ್ತಿ ಹೋಗುವಾಗ ಖೋಆಸ್ಪೀಸ್ ಎಂಬ ನದಿಯ ನೀರನ್ನು ಕಾಯಿಸಿ ಬೆಳ್ಳಿಯ ಪಾತ್ರೆಗಳಲ್ಲಿ ತುಂಬಿಸಿ ಸಂಗಡ ಒಯ್ಯಿಸುತ್ತಿದ್ದನೆಂದು ಗ್ರೀಕರ ಚರಿತ್ರಕಾರನಾದ ಹೆರೊಡೋಟಸನು ಬರೆದಿದ್ದಾನೆ. ನಮ್ಮ ಮನೆಗಳಲ್ಲಿ ಎಳೆಗೂಸಿಗೆ ಹಾಲು ಕುಡಿಸಲು ಬೆಳ್ಳಿಯ ಒಳಲೆಯನ್ನು ಮಾಡಿಸುವುದುಂಟು. ಇದರಲ್ಲಿ ಎಷ್ಟು ಭಾಗ ಆರೋಗ್ಯದ ದೃಷ್ಟಿ, ಎಷ್ಟು ಭಾಗ ಸೋದರಮಾವನ ಅಂತಸ್ತಿನ ದೃಷ್ಟಿ ಎಂಬುದನ್ನು ನಾವು ವಿಚಾರಿಸಹೊರಡುವುದಿಲ್ಲ.

ಔಷಧವಾಗಿ ಬೆಳ್ಳಿಯನ್ನು ಸಿದ್ಧಪಡಿಸುವ ಶಾಸ್ತ್ರವು ನಮ್ಮಲ್ಲಿ ಬೆಳೆದ ಬಗೆಯನ್ನು ನೋಡುವುದಾದರೆ ಸೇಡಂ ತಾಲ್ಲೂಕಿನ ಮಳಖೇಡದಲ್ಲಿಯೇ ನಿಲ್ಲಬೇಕಾಗುತ್ತದೆ. ಕಾಗಿಣಾ ನದಿಯ ದಡದಲ್ಲಿರುವ ಈ ಊರು ರಾಷ್ಟ್ರಕೂಟರ ಮಾನ್ಯಖೇಟ. ಒಂಬತ್ತನೆಯ ಶತಮಾನದಲ್ಲಿ ಅಮೋಘವರ್ಷ ನೃಪತುಂಗನು ಇಲ್ಲಿಂದ ಆಳಿದನು. ಅವನ ಆಸ್ಥಾನವೆಂದೊಡನೆ ನಮಗೆ ಕವಿರಾಜಮಾರ್ಗವು ನೆನಪಾಗುತ್ತದೆ; ಗಣಿತವನ್ನು ಬಲ್ಲವರಿಗೆ ಮಹಾವೀರಾಚಾರ್ಯನು ನೆನಪಾಗುತ್ತಾನೆ. ವೈದ್ಯನೊಬ್ಬನೂ ಆ ಸಭೆಗೆ ಬಂದಿದ್ದನೆಂಬುದು ಅಷ್ಟಾಗಿ ಪ್ರಚಾರದಲ್ಲಿಲ್ಲ. ಅವನು ಕಲ್ಯಾಣಕಾರಕವೆಂಬ ಸಂಸ್ಕೃತ ವೈದ್ಯಗ್ರಂಥವನ್ನು ಬರೆದ ಜೈನಮುನಿ ಉಗ್ರಾದಿತ್ಯಾಚಾರ್ಯ. ಔಷಧಕ್ಕಾಗಿಯಾದರೂ ಮಾಂಸವನ್ನು ಬಳಸುವುದು ವ್ಯರ್ಥವೆಂದು ಅವನು ನೃಪತುಂಗನ ಸಭೆಯಲ್ಲಿ ವಾದಿಸಿದ ಪ್ರಕರಣವು ಆ ಗ್ರಂಥದ ಕೊನೆಯಲ್ಲಿ ಸೇರಿದೆ. ಮದ್ಯ ಮಾಂಸ ಮಧುಗಳನ್ನು ಬಿಟ್ಟ ವೈದ್ಯನಿಗೆ ಗಿಡಮೂಲಿಕೆಗಳೂ ಖನಿಜಗಳೂ ಉಳಿದವು. ಅವನ ಗ್ರಂಥದಲ್ಲಿ ಪಾದರಸದ ಸಂಸ್ಕಾರಗಳಿಗೆ ಒಂದು ಪ್ರತ್ಯೇಕ ಅಧಿಕಾರವೇ ಮೀಸಲಾಗಿರುವುದನ್ನು ಈ ಬೆಳಕಿನಲ್ಲಿ ನೋಡಿದರೆ ಅರ್ಥವು ಸ್ಪಷ್ಟವಾಗುತ್ತದೆ. ಪರಮಾರರ ಸೀಯಕನು 972ರಲ್ಲಿ ಮಾನ್ಯಖೇಟವನ್ನು ಸೂರೆಗೊಂಡನು. ಪಟ್ಟಣವು ಹಾಳಾಯಿತು, ವಿದ್ಯೆಯು ಬೇರೆ ಕಡೆಗಳಲ್ಲಿ ಬೆಳೆಯಿತು.

ಮುಂದಿನ ಶತಮಾನಗಳ ರಸಗ್ರಂಥಗಳಲ್ಲಿ ಬೆಳ್ಳಿಯ ಭಸ್ಮವನ್ನು ಮಾಡುವ ಕ್ರಮವು ವಿಸ್ತಾರವಾಗಿ ಬರುತ್ತದೆ. ತಗಡಾಗಿ ಬಡಿದ ಬೆಳ್ಳಿಯನ್ನು ಕೆಂಪಗೆ ಕಾಯಿಸಿ ಎಳ್ಳೆಣ್ಣೆಯಲ್ಲಿ, ಮಜ್ಜಿಗೆಯಲ್ಲಿ, ಗೋಮೂತ್ರದಲ್ಲಿ, ಹುಳಿಸಿದ ಗಂಜಿಯಲ್ಲಿ, ಹುರುಳಿಯ ಕಷಾಯದಲ್ಲಿ ಒಂದೊಂದರಲ್ಲಿ ಏಳೇಳು ಸಲ ಅದ್ದಬೇಕು. ಇದು ಶೋಧನೆ. ಬಳಿಕ ಪಾದರಸ ಗಂಧಕಗಳೊಡನೆ ಅರೆದು, ಬಿಲ್ಲೆ ಮಾಡಿ, ಮಣ್ಣಿನ ಪಾತ್ರೆಯಲ್ಲಿ ಮುಚ್ಚಿ, ಬೆರಣಿಯ ಪುಟದಲ್ಲಿ ಮತ್ತೆ ಮತ್ತೆ ಸುಡಬೇಕು. ಇದು ಮಾರಣ. ಹೀಗೆ ದೊರೆಯುವ ಕರಿಯ ಪುಡಿಯು ಬಹುಮಟ್ಟಿಗೆ ಗಂಧಕದೊಡನೆ ಕೂಡಿದ ಬೆಳ್ಳಿಯೆಂದು ಈಗಿನ ರಸಾಯನಜ್ಞರು ಹೇಳುತ್ತಾರೆ. ಅದು ನೀರಿನಲ್ಲಿ ಕರಗುವುದು ಇಲ್ಲವೆನ್ನುವಷ್ಟು ಕಡಿಮೆ. ಆದಕಾರಣ ಭಸ್ಮವೂ ಬೆಳ್ಳಿಯ ನೀರೂ ಒಂದೇ ವಸ್ತುವೆಂದು ತಿಳಿಯುವುದು ತಪ್ಪು.

ಆದರೆ ನಮ್ಮನ್ನು ಬೆರಗುಗೊಳಿಸುವುದು ಆ ಗ್ರಂಥಗಳಲ್ಲಿ ಹೇಳಿರುವ ಪರೀಕ್ಷೆಗಳು. ರಸರತ್ನಸಮುಚ್ಚಯವನ್ನು ತೆರೆದರೆ ಭಸ್ಮವನ್ನು ನಂಬುವ ಮೊದಲು ಮಾಡಿ ನೋಡಬೇಕಾದದ್ದೇನೆಂದು ಬರೆದಿದೆ. ಬೆರಳುಗಳ ನಡುವೆ ಉಜ್ಜಿದರೆ ಅದು ಗೆರೆಗಳೊಳಗೆ ಹೊಕ್ಕು ತುಂಬಬೇಕು; ನೀರಿನ ಮೇಲೆ ಉದುರಿಸಿದರೆ ಮುಳುಗದೆ ತೇಲಬೇಕು. ಭಸ್ಮವನ್ನು ಬೆಳ್ಳಿಯ ತುಣುಕಿನೊಡನೆ ಕಾಸಿದಾಗ ಆ ತುಣುಕಿನ ತೂಕವು ಹೆಚ್ಚಿದರೆ, ಒಳಗೆ ಲೋಹವು ಇನ್ನೂ ಬದುಕಿದೆಯೆಂದೂ ಪಾಕವು ಅಪಕ್ವವೆಂದೂ ತಿಳಿಯಬೇಕು. ಮೊದಲನೆಯದೂ ಎರಡನೆಯದೂ ಕಣದ ಸಣ್ಣತನವನ್ನು ಅಳೆಯುವ ಉಪಾಯಗಳು. ಮೂರನೆಯದು ರಾಸಾಯನಿಕ ರೂಪವನ್ನು ಅರಿಯುವ ಉಪಾಯ. ಇಂದಿನ ಕಲಿಲ ಬೆಳ್ಳಿಯನ್ನು ಕುರಿತು ಕೇಳಬೇಕಾದ ಮುಖ್ಯ ಪ್ರಶ್ನೆಗಳೂ ಇವೇ: ಕಣವು ಎಷ್ಟು ಸಣ್ಣದು, ಬೆಳ್ಳಿಯು ಯಾವ ರೂಪದಲ್ಲಿದೆ? ಪರೀಕ್ಷೆಯಿಲ್ಲದೆ ಮದ್ದನ್ನು ಕೊಡಬಾರದೆಂಬ ನಿಷ್ಠುರತೆ ಆ ರಸವೈದ್ಯರಲ್ಲಿತ್ತು. ತಂತಿ ಬ್ಯಾಟರಿಗಳನ್ನು ಕೊಂಡು ತಂದು ಆ ದಿನವೇ ಲೋಟದಲ್ಲಿ ಸುರಿದು ಕುಡಿಯುವ ನಮ್ಮ ಕಾಲದವರಲ್ಲಿ ಅದು ಕಾಣುವುದಿಲ್ಲ.

ಯೂರೋಪಿನಲ್ಲಿ ಈ ವಿದ್ಯೆಯು ಬೇರೆ ದಾರಿಯಿಂದ ಬಂದಿತು. 1857ರಲ್ಲಿ ಮೈಕೇಲ್ ಫ್ಯಾರಡೆಯು ಚಿನ್ನವನ್ನು ನೀರಿನಲ್ಲಿ ಮಾಣಿಕ್ಯದ ಬಣ್ಣ ಬರುವಂತೆ ಹರಡಿ, ಬೆಳಕಿನ ಕೋಲನ್ನು ಹಾಯಿಸಿ, ಅದು ನಿಜವಾದ ದ್ರಾವಣವಲ್ಲ, ಕಣಗಳ ಸಮೂಹವೆಂದು ತೋರಿಸಿದನು. ನಾಲ್ಕು ವರ್ಷಗಳ ಮೇಲೆ ಥಾಮಸ್ ಗ್ರಹಾಮನು ಇಂತಹ ವಸ್ತುಗಳಿಗೆ ಈಗಿನ ಹೆಸರನ್ನಿಟ್ಟನು. 1889ರಲ್ಲಿ ಫಿಲಡೆಲ್ಫಿಯದ ಕೇರಿ ಲೀ ಎಂಬವನು ಬೆಳ್ಳಿಯನ್ನೂ ಈ ಸ್ಥಿತಿಗೆ ತಂದನು. 1898ರಲ್ಲಿ ಜರ್ಮನಿಯ ಬ್ರೆಡಿಗನು ನೀರಿನೊಳಗೆ ಲೋಹದ ಎರಡು ತಂತಿಗಳ ನಡುವೆ ವಿದ್ಯುತ್ತಿನ ಕಿಡಿಯನ್ನು ಹಾರಿಸಿ ಲೋಹವನ್ನು ಹೊಗೆಯಂತೆ ಚೆದರಿಸುವ ಕ್ರಮವನ್ನು ಕಂಡುಹಿಡಿದನು. ಮನೆಯ ಬ್ಯಾಟರಿಯ ಪದ್ಧತಿಯನ್ನು ಬ್ರೆಡಿಗನ ಪದ್ಧತಿಯೆಂದು ಕೆಲವರು ಹೇಳಿಕೊಳ್ಳುತ್ತಾರೆ, ಅದು ಸರಿಯಲ್ಲ. ಬ್ರೆಡಿಗನದು ಉರಿಯುವ ಕಿಡಿ. ಮನೆಯದು ಸದ್ದಿಲ್ಲದೆ ನಡೆಯುವ ವಿದ್ಯುದ್ವಿಭಜನೆ. ಇದರಲ್ಲಿ ಧನಾಗ್ರದ ಬೆಳ್ಳಿಯು ಅಣುವಣುವಾಗಿ, ವಿದ್ಯುದಂಶವನ್ನು ಹೊತ್ತ ಅಯಾನುಗಳಾಗಿ, ನೀರಿಗೆ ಇಳಿಯುತ್ತದೆ. ಅವುಗಳಲ್ಲಿ ಸ್ವಲ್ಪ ಭಾಗ ಮಾತ್ರ ಮತ್ತೆ ಲೋಹವಾಗಿ ಕಣ ಕಟ್ಟುತ್ತದೆ. ಹೀಗಾಗಿ ಮನೆಯಲ್ಲಿ ಮಾಡಿದ ಕಲಿಲ ಬೆಳ್ಳಿಯ ಹೆಚ್ಚಿನ ಪಾಲು ಕಲಿಲವೇ ಅಲ್ಲ, ಬರಿಯ ಬೆಳ್ಳಿಯ ಅಯಾನು.

ಎಷ್ಟು ಬೆಳ್ಳಿ ಇಳಿಯಿತೆಂಬುದನ್ನು ಲೆಕ್ಕಹಾಕಲು ಬರುತ್ತದೆ. ಒಂದು ಆಂಪಿಯರ್ ಪ್ರವಾಹವು ಒಂದು ಸೆಕೆಂಡಿನಲ್ಲಿ 1.118 ಮಿಲಿಗ್ರಾಂ ಬೆಳ್ಳಿಯನ್ನು ಸಾಗಿಸುತ್ತದೆ. ಈ ಅಂಕಿಯು ಎಷ್ಟು ಖಚಿತವಾದದ್ದೆಂದರೆ ಒಂದು ಕಾಲಕ್ಕೆ ಆಂಪಿಯರನ್ನೇ ಬೆಳ್ಳಿಯ ತೂಕದಿಂದ ವಿಧಿಸಿದ್ದರು. ಅದರಂತೆ ಆಂಪಿಯರಿನ ಸಾವಿರದಲ್ಲಿ ಒಂದು ಪಾಲಿನಷ್ಟು ಪ್ರವಾಹವು ಒಂದು ಗಂಟೆ ಹರಿದರೆ ಸುಮಾರು 4 ಮಿಲಿಗ್ರಾಂ ಇಳಿಯಬೇಕು. ಇದಕ್ಕಿಂತ ಹೆಚ್ಚು ಇಳಿಯಿತೆಂದು ಹೇಳುವವನು ಅಳೆದವನಲ್ಲ.

ಇನ್ನು ಗುಣವನ್ನು ಕೆಡಿಸುವ ಕಾರಣಗಳಿಗೆ ಬರೋಣ. ಮೊದಲನೆಯ ಸ್ಥಾನವೂ ಎರಡನೆಯ ಸ್ಥಾನವೂ ಮೂರನೆಯ ಸ್ಥಾನವೂ ನೀರಿಗೇ ಸಲ್ಲಬೇಕು. ನಾವು ಶಹಾಬಾದದ ಕಲ್ಲನ್ನು ಮೊದಲಿಗೇ ನೆನೆದದ್ದು ಇದಕ್ಕಾಗಿ. ಭೂಶಾಸ್ತ್ರಜ್ಞನಾದ ಬ್ರೂಸ್ ಫೂಟನು 1876ರಲ್ಲಿ ಪ್ರಕಟಿಸಿದ ವರದಿಯಲ್ಲಿ ವರ್ಣಿಸಿರುವ ಭೀಮಾ ತೀರದ ಈ ಶಿಲೆಗಳಲ್ಲಿ ಸುಣ್ಣಗಲ್ಲಿನದೇ ದೊಡ್ಡ ಪಾಲು. ಮಳಖೇಡದ ಕೋಟೆಗೆ ಒದಗಿದ್ದು ಈ ಕಲ್ಲು. ಶಹಾಬಾದ, ವಾಡಿ, ಸೇಡಂಗಳ ಸಿಮೆಂಟು ಕಾರಖಾನೆಗಳ ಹೊಟ್ಟೆಗೆ ಹೋಗಿದ್ದೂ ಈ ಕಲ್ಲೇ. ಮಳೆಯ ನೀರು ಗಾಳಿಯ ಇಂಗಾಲಾಮ್ಲವನ್ನು ಹೀರಿಕೊಂಡು ಈ ಪದರಗಳ ಸಂದುಗಳಲ್ಲಿ ಇಳಿಯುವಾಗ ಸುಣ್ಣವನ್ನು ಕರಗಿಸಿಕೊಂಡು ಬಾವಿಯನ್ನು ಸೇರುತ್ತದೆ. ಆ ನೀರಿನ ಗಡುಸುತನವನ್ನು ಅರಿಯಲು ಪ್ರಯೋಗಶಾಲೆ ಬೇಡ. ಸಾಬೂನು ನೊರೆಗಟ್ಟುವುದಿಲ್ಲ, ತೊಗರಿಯ ಬೇಳೆ ಬೇಯಲು ಹೊತ್ತು ಹಿಡಿಯುತ್ತದೆ, ನೀರು ಕಾಯಿಸುವ ಹಂಡೆಯ ತಳದಲ್ಲಿ ಬಿಳಿಯ ಪದರವು ಕಟ್ಟುತ್ತದೆ. ಸುಣ್ಣದೊಡನೆ ಉಪ್ಪಿನ ಅಂಶವೂ ಸೇರಿದರೆ ಅದು ಸವಳು ನೀರು. ಚಿಂಚೋಳಿಯ ಎತ್ತರದಲ್ಲಿ ಕರಿಯ ಕಲ್ಲಿನ ಮೇಲೆ ಕೆಂಪು ಜಂಬಿಟ್ಟಿಗೆಯ ಹೊದಿಕೆಯಿದೆ. ಜಂಬಿಟ್ಟಿಗೆಯಲ್ಲಿ ಸುಣ್ಣವು ತೊಳೆದುಹೋಗಿರುವುದರಿಂದ ಅಲ್ಲಿಯ ಒರತೆಯ ನೀರು ಮೃದುವಾಗಿರುವುದು ಸಹಜ. ಆದರೂ ಬೆಳ್ಳಿಯ ಕೆಲಸಕ್ಕೆ ಅದೂ ಸಾಲದು.

ಏಕೆಂದರೆ ಬೆಳ್ಳಿಯ ಅಯಾನಿಗೆ ಉಪ್ಪಿನ ಕ್ಲೋರೈಡನ್ನು ಕಂಡರೆ ಅಪಾರವಾದ ಮೋಹ. ಎರಡೂ ಸೇರಿದರೆ ಮೊಸರಿನಂತಹ ಬಿಳಿಯ ಬೆಳ್ಳಿಯ ಕ್ಲೋರೈಡಾಗುತ್ತದೆ. ಶುದ್ಧವಾದ ನೀರಿನಲ್ಲಿಯೂ ಅದು ಲೀಟರಿಗೆ 2 ಮಿಲಿಗ್ರಾಮಿಗಿಂತ ಹೆಚ್ಚು ಕರಗದು. ನೀರಿನಲ್ಲಿ ಲೀಟರಿಗೆ 35 ಮಿಲಿಗ್ರಾಂ ಕ್ಲೋರೈಡು ಇದ್ದರೆ ಅಯಾನಾಗಿ ಉಳಿಯುವ ಬೆಳ್ಳಿಯು ಒಂದು ಮಿಲಿಗ್ರಾಮಿನ ನೂರರಲ್ಲಿ ಎರಡು ಭಾಗ ಮಾತ್ರ. ಕುಡಿಯುವ ನೀರಿನಲ್ಲಿ 250 ಮಿಲಿಗ್ರಾಂವರೆಗೆ ಕ್ಲೋರೈಡು ಇರಬಹುದೆಂದು ಭಾರತೀಯ ಮಾನಕವು ಒಪ್ಪುತ್ತದೆಯೆಂಬುದನ್ನು ಇದರ ಸಂಗಡ ನೆನೆಯಬೇಕು. ಅಂದರೆ ನಾಲಗೆಗೆ ಸಿಹಿನೀರೆಂದು ತೋರುವ ನೀರೂ ಬೆಳ್ಳಿಗೆ ಸವಳೇ ಸರಿ. ಬಾವಿಯ ನೀರಿನಲ್ಲಿ ತಂತಿಗಳನ್ನು ಇಳಿಬಿಟ್ಟವನು ಕೆಲವು ನಿಮಿಷಗಳಲ್ಲಿಯೇ ಮೋಡದಂತಹ ಬಿಳುಪು ಹೊರಡುವುದನ್ನು ಕಂಡು, ಔಷಧವು ಬೇಗ ಸಿದ್ಧವಾಯಿತೆಂದು ಹಿಗ್ಗುತ್ತಾನೆ. ಅದು ಔಷಧವಲ್ಲ, ಮಡ್ಡಿ. ಬಿಸಿಲಿಗೆ ಇಟ್ಟರೆ ಅದೇ ಮಡ್ಡಿಯು ನೇರಳೆಗೆ ತಿರುಗಿ ಬೂದುಗಪ್ಪಾಗುತ್ತದೆ. ಹಳೆಯ ಫೋಟೋ ಕಾಗದದ ಮರ್ಮವೂ ಇದೇ ಆಗಿತ್ತು.

ಬೀದರಿನ ಬಿದರಿ ಕೆಲಸವನ್ನು ನೋಡಿದವರಿಗೆ ಇಲ್ಲಿ ಒಂದು ಆಶ್ಚರ್ಯವಾಗಬಹುದು. ಆ ಕುಶಲಕರ್ಮಿಗಳು ಸತುವು ತಾಮ್ರಗಳ ಎರಕದ ಮೇಲೆ ಬೆಳ್ಳಿಯನ್ನು ಕೂಡಿಸಿ, ಕೋಟೆಯ ಮಣ್ಣಿಗೆ ನವಸಾಗರವನ್ನು ಬೆರೆಸಿ ಬಳಿಯುತ್ತಾರೆ. ಎರಕವು ಕಪ್ಪಾಗುತ್ತದೆ, ಬೆಳ್ಳಿಯು ಬೆಳ್ಳಗೇ ಉಳಿಯುತ್ತದೆ. ನವಸಾಗರದ ತುಂಬ ಕ್ಲೋರೈಡೇ ಇದೆಯಲ್ಲವೆ? ನಿಜ. ಗಟ್ಟಿಯಾದ ಬೆಳ್ಳಿಯು ಉಪ್ಪಿಗೆ ಜಗ್ಗುವುದಿಲ್ಲ; ಒಂದು ಸಲ ಅಯಾನಾಗಿ ನೀರಿಗಿಳಿದ ಬೆಳ್ಳಿಯು ಚಿಟಿಕೆ ಉಪ್ಪಿಗೂ ಶರಣಾಗುತ್ತದೆ.

ಕ್ಲೋರೈಡಿನ ಕಾಟವು ಅಯಾನುಗಳಿಗಾದರೆ ಸುಣ್ಣದ ಕಾಟವು ಕಣಗಳಿಗೆ. ಬೆಳ್ಳಿಯ ಕಣಗಳು ಒಂದರ ಮೇಲೊಂದು ಬೀಳದೆ ತೇಲುವುದಕ್ಕೆ ಕಾರಣ, ಅವೆಲ್ಲವೂ ಒಂದೇ ಜಾತಿಯ, ಎಂದರೆ ಋಣ ವಿದ್ಯುತ್ತನ್ನು ಹೊತ್ತು ಪರಸ್ಪರ ದೂಡುತ್ತಿರುವುದು. ಧನ ವಿದ್ಯುತ್ತಿನ ಲವಣಾಂಶವು ನೀರಿಗೆ ಸೇರಿದರೆ ಆ ದೂಡುವಿಕೆಯು ಕುಂದಿ ಕಣಗಳು ಕೂಡಿಕೊಂಡು ತಳಕ್ಕೆ ಇಳಿಯುತ್ತವೆ. ಉಪ್ಪಿನಲ್ಲಿರುವ ಸೋಡಿಯಂ ಒಂದೇ ವಿದ್ಯುದಂಶವನ್ನು ಹೊತ್ತರೆ ಸುಣ್ಣದ ಕ್ಯಾಲ್ಸಿಯಂ ಎರಡನ್ನು ಹೊರುತ್ತದೆ. ಆದರೆ ಕಲಿಲವನ್ನು ಕೆಡಿಸುವ ಶಕ್ತಿಯಲ್ಲಿ ಅದು ಎರಡು ಪಟ್ಟಲ್ಲ, ಹತ್ತಾರು ಪಟ್ಟು ಬಲಶಾಲಿ. ಇದನ್ನು 1882ರಲ್ಲಿ ಷುಲ್ಟ್ಸನೂ 1900ರಲ್ಲಿ ಹಾರ್ಡಿಯೂ ಪ್ರಯೋಗಗಳಿಂದ ತೋರಿಸಿದರು. ಹಾಸುಗಲ್ಲಿನ ಸೀಮೆಯ ಬಾವಿಯಲ್ಲಿ ಬೆಳ್ಳಿಯ ಕಣವು ಬಾಳಲಾರದೆಂಬುದಕ್ಕೆ ಇದಕ್ಕಿಂತ ಹೆಚ್ಚಿನ ವಿವರಣೆ ಬೇಕಾಗಿಲ್ಲ.

ಆದಕಾರಣ ಬಟ್ಟಿ ಇಳಿಸಿದ ನೀರೇ ಬೇಕು. ಕಾಯಿಸಿ ಸೋಸಿದ ನೀರು ಬಟ್ಟಿಯ ನೀರಲ್ಲ. ಕಾಯಿಸುವುದರಿಂದ ಸುಣ್ಣದಲ್ಲಿ ಸ್ವಲ್ಪ ಭಾಗ ಹಂಡೆಗೆ ಅಂಟಬಹುದು, ಉಪ್ಪು ಹೋಗದು. ಬಟ್ಟಿಯ ನೀರಿನಲ್ಲಿಯೂ ಮೇಲು ಕೀಳುಗಳುಂಟು. 1925ರ ನೊಬೆಲ್ ಪಾರಿತೋಷಕವನ್ನು ಪಡೆದ ಜಿಗ್ಮಂಡಿಯು ತನ್ನ ಚಿನ್ನದ ಕಲಿಲಗಳಿಗೆ ನೀರನ್ನು ಮತ್ತೆ ಬಟ್ಟಿಯಿಳಿಸಿ, ಉಗಿಯನ್ನು ಬೆಳ್ಳಿಯ ಕೊಳವೆಯಲ್ಲಿ ತಣಿಸಿ ಹಿಡಿಯುತ್ತಿದ್ದನು. ಪಾತ್ರೆಯನ್ನು ತೊಳೆಯುವ ಕೊನೆಯ ನೀರೂ ಬಟ್ಟಿಯದಾಗಿರಬೇಕು, ಇಲ್ಲವಾದರೆ ಗಾಜಿಗಂಟಿದ ಬಾವಿನೀರಿನ ತೆಳು ಪಸೆಯೇ ಸಾಕು. ಬಟ್ಟಿಯ ನೀರು ವಿದ್ಯುತ್ತನ್ನು ಹಾಯಗೊಡುವುದು ಬಹಳ ಕಡಿಮೆಯಾದ್ದರಿಂದ ಮೊದಮೊದಲು ಏನೂ ನಡೆಯದಂತೆ ತೋರುತ್ತದೆ. ಅವಸರದವರು ಆಗ ಹರಳುಪ್ಪನ್ನು ಹಾಕುತ್ತಾರೆ, ಅಲ್ಲಿಗೆ ಕೆಲಸ ಕೆಟ್ಟಿತು.

ಬೆಳ್ಳಿಯ ಶುದ್ಧತೆಯ ಮಾತನ್ನು ಬೇಗ ಮುಗಿಸಬಹುದು. ಅಜ್ಜಿಯ ಪೆಟ್ಟಿಗೆಯಲ್ಲಿನ ಹಾಲಿ ಸಿಕ್ಕಾ ರೂಪಾಯಿ ಕೈಗೆ ಸುಲಭವಾಗಿ ಸಿಗುತ್ತದೆ. ಆದರೆ ನಿಜಾಮರ ಆ ನಾಣ್ಯದಲ್ಲಿ ಸಾವಿರಕ್ಕೆ 818 ಪಾಲು ಬೆಳ್ಳಿ, ಉಳಿದದ್ದು ಬೆರಕೆಯ ಲೋಹ. ಬ್ರಿಟಿಷ್ ಇಂಡಿಯದ ರೂಪಾಯಿಯಲ್ಲಿ ಹನ್ನೆರಡರಲ್ಲಿ ಹನ್ನೊಂದು ಪಾಲಿತ್ತು. 1940ರಿಂದ ಅದು ಅರ್ಧಕ್ಕೆ ಇಳಿಯಿತು. ಬೆರಕೆಯ ತಾಮ್ರವು ಬೆಳ್ಳಿಗಿಂತ ಸುಲಭವಾಗಿ ನೀರಿಗಿಳಿಯುತ್ತದೆ. ಪತ್ತಾರನು ಮಾಡಿದ ಒಡವೆಯಲ್ಲಿ ಬೆಸುಗೆಯ ಲೋಹವೂ ಇರುತ್ತದೆ. ಸಾವಿರಕ್ಕೆ 999 ಪಾಲಿಗೆ ಕಡಿಮೆಯಾದುದನ್ನು ಈ ಕೆಲಸಕ್ಕೆ ತೆಗೆದುಕೊಳ್ಳಬಾರದು.

ಪ್ರವಾಹದ ವಿಷಯದಲ್ಲಿ ಒಂದು ಸೂಕ್ಷ್ಮವಿದೆ. ಬೆಳ್ಳಿಯು ಇಳಿದಷ್ಟೂ ನೀರು ಹೆಚ್ಚು ವಿದ್ಯುತ್ತನ್ನು ಹಾಯಗೊಡುತ್ತದೆ, ಹೆಚ್ಚು ಹಾದಷ್ಟೂ ಹೆಚ್ಚು ಬೆಳ್ಳಿ ಇಳಿಯುತ್ತದೆ. ತಡೆಯಿಲ್ಲದೆ ಬಿಟ್ಟರೆ ಕೊನೆಕೊನೆಗೆ ತಂತಿಯ ಮೇಲೆ ಕರಿಯ ಗಡ್ಡದಂತಹ ಮಡ್ಡಿ ಬೆಳೆದು ದೊಡ್ಡ ಕಣಗಳಾಗಿ ಉದುರುತ್ತದೆ. ಪ್ರವಾಹವನ್ನು ಸಣ್ಣದಾಗಿ ಒಂದೇ ಮಟ್ಟದಲ್ಲಿ ಹಿಡಿದು, ನೀರನ್ನು ಮೆಲ್ಲಗೆ ಕದಡುತ್ತಿದ್ದರೆ ಕಣವು ಸಣ್ಣದಾಗಿ ಉಳಿಯುತ್ತದೆ. ಸಣ್ಣ ಕಣದ ಗುರುತು ನಸುಹಳದಿಯ ಬಣ್ಣ. ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಹತ್ತಿಪ್ಪತ್ತು ಭಾಗದಷ್ಟಿರುವ ಬೆಳ್ಳಿಯ ಕಣಗಳು ಬೆಳಕಿನ ನೇರಳೆಯನ್ನು ನುಂಗಿ ಹಳದಿಯನ್ನು ಬಿಟ್ಟುಕೊಡುತ್ತವೆ. ಕಣವು ದೊಡ್ಡದಾದಂತೆ ಬಣ್ಣವು ಕಂದಾಗಿ ಬೂದಿಯಾಗುತ್ತದೆ. ಬಣ್ಣವೇ ಇಲ್ಲದ ತಿಳಿನೀರಾದರೆ ಅದರಲ್ಲಿರುವುದು ಬಹುತೇಕ ಅಯಾನು. ಕತ್ತಲ ಕೋಣೆಯಲ್ಲಿ ಬ್ಯಾಟರಿ ದೀಪದ ಬೆಳಕನ್ನು ಹಾಯಿಸಿದರೆ ಕಣಗಳಿರುವ ನೀರಿನಲ್ಲಿ ಬೆಳಕಿನ ದಾರಿ ಕಾಣುತ್ತದೆ, ಅಯಾನಿನ ನೀರಿನಲ್ಲಿ ಕಾಣುವುದಿಲ್ಲ. ಬೇರೆಯಾಗಿ ತೆಗೆದ ಸ್ವಲ್ಪ ನೀರಿಗೆ ಉಪ್ಪಿನ ಹರಳನ್ನು ಹಾಕಿದರೆ ಅಯಾನಿನ ನೀರು ಹಾಲಿನಂತಾಗುತ್ತದೆ. ಸಿದ್ಧವಾದ ನೀರನ್ನು ಬಿಸಿಲಿನಲ್ಲಿಟ್ಟರೂ ಹೆಪ್ಪುಗಟ್ಟಿಸಿದರೂ ಕೆಡುತ್ತದೆ.

ಇಷ್ಟು ಎಚ್ಚರದಿಂದ ಮಾಡಿದ ನೀರು ಕುಡಿಯಲು ಯೋಗ್ಯವೆ? ಬೆಳ್ಳಿಯು ಸೂಕ್ಷ್ಮಜೀವಿಗಳನ್ನು ಕೊಲ್ಲುವುದು ನಿಜ. 1869ರಲ್ಲಿ ಫ್ರಾನ್ಸಿನ ರೋಲೆಂ ಎಂಬವನು, ಹದಿನಾರು ಲಕ್ಷ ಪಾಲಿಗೆ ಒಂದು ಪಾಲು ಬೆಳ್ಳಿಯ ನೈಟ್ರೇಟು ಸೇರಿದರೂ ಕಪ್ಪು ಬೂಷ್ಟು ಬೆಳೆಯುವುದಿಲ್ಲವೆಂದು ಕಂಡನು. ಲೈಪ್ಜಿಗ್ ಪಟ್ಟಣದ ಪ್ರಸೂತಿವೈದ್ಯ ಕಾರ್ಲ್ ಕ್ರೇಡೆಯು 1881ರಲ್ಲಿ ಹುಟ್ಟಿದ ಕೂಸಿನ ಕಣ್ಣಿಗೆ ಬೆಳ್ಳಿಯ ನೈಟ್ರೇಟಿನ ಒಂದು ಹನಿಯನ್ನು ಬಿಡುವ ಪದ್ಧತಿಯನ್ನು ಪ್ರಕಟಿಸಿದನು. ಅವನ ಆಸ್ಪತ್ರೆಯಲ್ಲಿ ನೂರಕ್ಕೆ ಹತ್ತರ ಆಸುಪಾಸಿನಲ್ಲಿದ್ದ ಕಣ್ಣುಬೇನೆಯು ಒಂದಕ್ಕೂ ಕೆಳಗಿಳಿಯಿತು. ಎಷ್ಟೋ ಮಕ್ಕಳು ಕುರುಡಾಗದೆ ಉಳಿದರು. ಅವನ ಮಗ ಬೆನ್ನೋ ಕ್ರೇಡೆಯು 1897ರಲ್ಲಿ ಕಲಿಲ ಬೆಳ್ಳಿಯನ್ನು ಔಷಧವಾಗಿ ತಂದನು. ಕಣಗಳು ಕೂಡಿಕೊಳ್ಳದಂತೆ ಅದರಲ್ಲಿ ಸಸಾರಜನಕ ಪದಾರ್ಥದ ಕಾವಲಿತ್ತು. ಮನೆಯ ನೀರಿಗೆ ಆ ಕಾವಲೂ ಇಲ್ಲ. ಸುಟ್ಟ ಗಾಯಗಳಿಗೆ ಹಚ್ಚುವ ಬೆಳ್ಳಿಯ ಮುಲಾಮು 1968ರಲ್ಲಿ ಬಂದು ಆಸ್ಪತ್ರೆಗಳಲ್ಲಿ ನೆಲೆಯೂರಿತು.

ಆದರೆ ಇವೆಲ್ಲವೂ ಹೊರಗಿನ ಉಪಯೋಗಗಳು. ಹೊಟ್ಟೆಗೆ ಹೋದ ಬೆಳ್ಳಿಯ ಅಯಾನು ಮೊದಲು ಸಂಧಿಸುವುದು ಜಠರದ ಲವಣಾಮ್ಲವನ್ನು. ಬಾವಿಯಲ್ಲಿ ತಪ್ಪಿಸಿಕೊಂಡ ಕ್ಲೋರೈಡು ಅಲ್ಲಿ ತುಂಬಿಕೊಂಡು ಕಾದಿರುತ್ತದೆ. ಬಟ್ಟಿಯ ನೀರನ್ನು ಹುಡುಕಿಕೊಂಡು ತಂದ ಶ್ರಮವೆಲ್ಲ ಒಂದು ಗುಟುಕಿನಲ್ಲಿ ವ್ಯರ್ಥ. ಅದನ್ನೂ ದಾಟಿ ರಕ್ತಕ್ಕೆ ಸೇರಿದ ಬೆಳ್ಳಿಯಲ್ಲಿ ಸ್ವಲ್ಪ ಭಾಗವು ಚರ್ಮದಲ್ಲಿ ನೆಲೆಸಿ, ಬೆಳಕು ತಗುಲಿದಲ್ಲಿ ಕಪ್ಪಿಗೆ ತಿರುಗುತ್ತದೆ. ತಿಂಗಳಾನುಗಟ್ಟಲೆ ಕುಡಿದವರ ಮುಖವು ಬೂದುನೀಲಿಯಾದ ಉದಾಹರಣೆಗಳು ವೈದ್ಯಗ್ರಂಥಗಳಲ್ಲಿ ಹೇರಳವಾಗಿವೆ. ಔಷಧವನ್ನು ನಿಲ್ಲಿಸಿದರೂ ಆ ಬಣ್ಣವು ಹೋಗುವುದಿಲ್ಲ. ಅಮೆರಿಕದ ಔಷಧ ಇಲಾಖೆಯು 1999ರಲ್ಲಿ, ಅಂಗಡಿಯಲ್ಲಿ ಮಾರುವ ಕಲಿಲ ಬೆಳ್ಳಿಯನ್ನು ಯಾವ ರೋಗಕ್ಕೂ ಸುರಕ್ಷಿತವೆಂದಾಗಲಿ ಗುಣಕಾರಿಯೆಂದಾಗಲಿ ಒಪ್ಪಲಾಗದೆಂದು ಆಜ್ಞೆ ಹೊರಡಿಸಿತು. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಬೆಳ್ಳಿಯು ಲೀಟರಿಗೆ 0.1 ಮಿಲಿಗ್ರಾಮನ್ನು ಮೀರಬಾರದು. ನಾವು ಮೇಲೆ ಲೆಕ್ಕಹಾಕಿದ 4 ಮಿಲಿಗ್ರಾಂ ಒಂದು ಲೀಟರಿಗೆ ಸೇರಿದರೆ ಅದು ಈ ಮಿತಿಯ ನಲವತ್ತು ಪಟ್ಟಾಗುತ್ತದೆ.

ಕುತೂಹಲಕ್ಕಾಗಿ ಒಮ್ಮೆ ಮಾಡಿ ನೋಡಬೇಕೆನ್ನುವ ವಿದ್ಯಾರ್ಥಿಗಳನ್ನು ನಾವು ತಡೆಯುವುದಿಲ್ಲ. ಎರಡು ಗಾಜಿನ ಲೋಟಗಳನ್ನು ತೆಗೆದುಕೊಂಡು ಒಂದರಲ್ಲಿ ಬಟ್ಟಿಯ ನೀರನ್ನೂ ಇನ್ನೊಂದರಲ್ಲಿ ಮನೆಯ ಬಾವಿಯ ನೀರನ್ನೂ ತುಂಬಿ, ಒಂದೇ ಬಗೆಯ ತಂತಿ, ಒಂದೇ ಬಗೆಯ ಬ್ಯಾಟರಿ, ಒಂದೇ ಹೊತ್ತು ಇಟ್ಟು ನೋಡಲಿ. ನೋಡಿದ ಮೇಲೆ ಎರಡನ್ನೂ ಚೆಲ್ಲಬೇಕು. ಚೆಲ್ಲುವಾಗ ಬಟ್ಟೆಯ ಮೇಲೆ ಬೀಳದಂತೆ ನೋಡಿಕೊಳ್ಳಬೇಕು, ಬೆಳ್ಳಿಯ ಕಲೆ ಅಗಸನ ಕೈಗೂ ಹೋಗುವುದಿಲ್ಲ.